ಸೂಜಿ ಎಂಬ ಹೆಸರಿನಲ್ಲಿ

"ಕೆಟ್ಟೋಳು ಅಂತ ಬರೆಸಿದ್ದೀರಲ್ಲ ಅತ್ತೆ! ನನ್ನ ಮಗಳ ಕೈಲೇ ನನ್ನನ್ನ ಕೆಟ್ಟೋಳು ಅಂತ ಬರೆಸಿದ್ದೀರಲ್ಲ!"

"ಮೊದ್ಲು ಬಾಗ್ಲು ಹಾಕು. ಬೀದಿಗೆಲ್ಲ ಕೇಳ್ಲಿ ಅಂತ ಮಾಸ್ಕೋದಿಂದ ಬಂದ್ಯಾ?"

"ಕೇಳ್ಲಿ ಬಿಡಿ! ಇಡೀ ಊರಿಗೆ ಗೊತ್ತಿರೋದೇ ತಾನೆ. ಗೊತ್ತಿಲ್ದೆ ಇರೋದು ಅವಳೊಬ್ಬಳಿಗೆ."

"ಯಾರ ಮಗಳು ಅಂದೆ? ಇನ್ನೊಂದ್ಸಲ ಹೇಳು, ನೋಡೋಣ."

"ನನ್ನ ಮಗಳು. ನಾನು ಹೆತ್ತ ಮಗಳು."

"ಹೆತ್ತೆ. ಆಮೇಲೆ? ಹಾಲುಹಲ್ಲು ಬಿದ್ದಾಗ ಎಲ್ಲಿದ್ದೆ? ಜ್ವರ ಬಂದಾಗ ಎಲ್ಲಿದ್ದೆ?"

"ನೀವು ಕಳಿಸಿದ ಕಡೆ ಇದ್ದೆ!"

ನನ್ನ ಸೊಸೆ ಗುಲ್ಸಾಯ ಈ ಮನೆಗೆ ಬಂದು ಆಗ ಹನ್ನೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವಳು ನನ್ನೆದುರು ದನಿ ಎತ್ತಿದ್ದು ಅದೇ ಮೊದಲು. ಹೊಸಿಲಲ್ಲಿ ಬಗ್ಗಿ ಸಲಾಮು ಮಾಡಿರಲಿಲ್ಲ. ಬೂಟೂ ಬಿಚ್ಚಿರಲಿಲ್ಲ. ನಾನು ಎರಡು ಚಳಿಗಾಲ ಕೂತು ಹೊಲಿದ ಉಣ್ಣೆ ಜಮಖಾನದ ಮೇಲೆ ಹಿಮ ಕರಗಿ ಕರಿನೀರು ಹರಿಯುತ್ತಿತ್ತು. "ಬೂಟು!" ಎಂದು ಅರಚಿದೆ. ಅವಳು ಅಳುತ್ತಲೇ ಬಗ್ಗಿ ಬೂಟು ಬಿಚ್ಚಿ, ಹೊಸಿಲಾಚೆ ಇಟ್ಟು, ಮತ್ತೆ ಒಳಗೆ ಬಂದು ಜಗಳಕ್ಕೆ ನಿಂತಳು.

ಬೆರ್ಮೆತ್ ಶಾಲೆಯಿಂದ ಬರಲು ಇನ್ನು ಒಂದು ಗಂಟೆ ಇತ್ತು. ಅಷ್ಟರೊಳಗೆ ಇವಳ ಬಾಯಿ ಮುಚ್ಚಿಸಬೇಕು, ಇಲ್ಲವಾದರೆ ಹುಡುಗಿ ನನ್ನ ಕೈತಪ್ಪಿ ಹೋಗುತ್ತಾಳೆ. ನನ್ನ ತಲೆಯಲ್ಲಿದ್ದದ್ದು ಇಷ್ಟೇ.

ಬೆರ್ಮೆತ್ ನನ್ನ ಮಗ ಎಮಿಲನ ಚೊಚ್ಚಲ ಮಗಳು. ನಮ್ಮ ಈ ಬೆಟ್ಟದ ಸೀಮೆಯಲ್ಲಿ ಚೊಚ್ಚಲು ಅಜ್ಜ ಅಜ್ಜಿಯ ಪಾಲು. ಮಡಿಲಿಗೆ ಹಾಕಿಕೊಂಡ ಮೇಲೆ ಆ ಮಗು ನಮ್ಮನ್ನೇ ಅಪ್ಪ ಅಮ್ಮ ಅನ್ನುತ್ತದೆ. ಹೆತ್ತವರನ್ನು ಅಣ್ಣ, ಅತ್ತಿಗೆ ಅನ್ನುತ್ತದೆ. ಊರಲ್ಲಿ ಯಾರೂ ಅದರ ಮುಂದೆ ನಿಜ ಆಡುವುದಿಲ್ಲ. ಹೇಳುವುದಾದರೆ ಸಾಕಿದವರು ಹೇಳಬೇಕು, ಹೆತ್ತವಳು ಬಾಯಿ ಬಿಡುವಂತಿಲ್ಲ. ನಾನೂ ಹಾಗೇ ಬೆಳೆದವಳು. ಹದಿನಾಲ್ಕನೇ ವಯಸ್ಸಿನಲ್ಲಿ ಕಾಲುವೆಯ ಹತ್ತಿರ ನೆರೆಮನೆಯವಳೊಬ್ಬಳು ಬಾಯಿತಪ್ಪಿ ಹೇಳಿಬಿಟ್ಟಳು. ಆಮೇಲೂ ಹೆತ್ತವಳನ್ನು ನಾನು ಅತ್ತಿಗೆ ಎಂದೇ ಕರೆದೆ. ಅವಳು ಸತ್ತಾಗ ಅತ್ತಿಗೆ ಸತ್ತಳು ಎಂದೇ ಅತ್ತೆ. ಅದರಿಂದ ನನಗೇನೂ ಆಗಲಿಲ್ಲ ಎಂದುಕೊಂಡಿದ್ದೆ.

ಬೆರ್ಮೆತಳಿಗೆ ಒಂದು ವರ್ಷ ತುಂಬಿದಾಗ ನಾವು ಅವಳನ್ನು ಮಡಿಲಿಗೆ ಹಾಕಿಕೊಂಡೆವು. ಎಮಿಲ್ ಮತ್ತು ಗುಲ್ಸಾಯ ಮಾಸ್ಕೋಗೆ ಹೋದರು. ಅವನು ಕಟ್ಟಡದ ಕೆಲಸಕ್ಕೆ, ಅವಳು ಬಟ್ಟೆ ಹೊಲಿಯುವ ಕಾರ್ಖಾನೆಗೆ. ಇನ್ನೊಂದು ಮಗು ಆಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಎರಡು ಸಲ ಗರ್ಭ ನಿಲ್ಲಲಿಲ್ಲ, ಮೂರನೇ ಸಲ ಡಾಕ್ಟರು ಇನ್ನು ಬೇಡ ಎಂದರು. ಎಮಿಲ್ ಫೋನಿನಲ್ಲಿ ಅದನ್ನು ಹೇಳಿದಾಗ ಕಣ್ಣೀರು ಹಾಕಿದೆ, ಸುಳ್ಳಲ್ಲ. ಆದರೆ ಬೆರ್ಮೆತಳನ್ನು ವಾಪಸು ಕರೆದುಕೊಂಡು ಹೋಗಿ ಅನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ. ಅವರಿಬ್ಬರೂ ಕೇಳಲಿಲ್ಲ. ಕೇಳುವ ಪದ್ಧತಿ ಇಲ್ಲ.

ಆ ಜಗಳದ ಹಿಂದಿನ ಶರತ್ಕಾಲದಲ್ಲಿ ಶಾಲೆಯ ಕಲಿಪಾ ಟೀಚರು ನಾಲ್ಕನೇ ಕ್ಲಾಸಿನ ಮಕ್ಕಳ ಮನೆಯವರನ್ನೆಲ್ಲ ಕರೆಸಿದರು. ಕಂಪ್ಯೂಟರ್ ಕೋಣೆಯಲ್ಲಿ ಏಳು ಕಂಪ್ಯೂಟರಿದ್ದವು, ಓಡುತ್ತಿದ್ದದ್ದು ನಾಲ್ಕು. ನಾವೆಲ್ಲ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತೆವು.

"ಮಕ್ಕಳು ಹೇಗಿದ್ರೂ ಇಂಟರ್ನೆಟ್ಟಿಗೆ ಹೋಗೇ ಹೋಗ್ತಾರೆ," ಎಂದರು ಟೀಚರು. "ಕದ್ದು ಹೋಗೋದಕ್ಕಿಂತ ನಮ್ಮ ಕಣ್ಣೆದುರು ಹೋಗ್ಲಿ. ಇಷ್ಟ ಇರೋ ಮಗೂಗೆ ಒಂದೊಂದು ಬ್ಲಾಗು ಮಾಡ್ಕೊಡೋಣ. ಅದ್ರಲ್ಲಿ ಬರೀಲಿ. ಆದ್ರೆ ಪ್ರತಿ ಮಗು ಜೊತೆ ಮನೆಯ ದೊಡ್ಡೋರೊಬ್ರು ಇರ್ಲೇಬೇಕು."

ಒಂದು ಕಾಗದ ಹಂಚಿದರು. ನಿಜವಾದ ಹೆಸರು ಬೇಡ, ಊರಿನ ಹೆಸರು ಬೇಡ, ಮುಖ ಕಾಣುವ ಫೋಟೊ ಬೇಡ. ಪಾಸ್‌ವರ್ಡು ದೊಡ್ಡವರ ಹತ್ತಿರ ಇರಬೇಕು. ಮಗು ಬರೆದದ್ದನ್ನು ದೊಡ್ಡವರು ಓದಿದ ಮೇಲೇ ಹಾಕಬೇಕು. ಹೊರಗಿನಿಂದ ಬರುವ ಕಾಮೆಂಟು ಮೊದಲು ದೊಡ್ಡವರ ಕಣ್ಣಿಗೆ ಬೀಳಬೇಕು. ಗುರುತಿಲ್ಲದವರು ಮೈ ಬಗ್ಗೆ, ಮನೆ ಬಗ್ಗೆ ವಿಚಾರಿಸಿದರೆ, ಸಿಗೋಣ ಎಂದರೆ, ಬ್ಲಾಕ್ ಮಾಡಿ ಟೀಚರಿಗೆ ತಿಳಿಸಬೇಕು.

"ನಾನು ಎಂಟನೇ ಕ್ಲಾಸು ಕಣಮ್ಮ," ಎಂದೆ. "ಇದೆಲ್ಲ ನನ್ನ ಕೈಲಾಗುತ್ತಾ?"

"ನಿಮ್ಮ ಕಣ್ಣು ತಪ್ಪಿಸಿ ಈ ಬೀದೀಲಿ ಒಂದು ಕೋಳಿ ದಾಟಲ್ಲ. ನಿಮ್ಮ ಕೈಲಾಗದೆ ಯಾರ ಕೈಲಾಗುತ್ತೆ?" ಎಂದು ಟೀಚರು ನಕ್ಕರು. ಸಹಿ ಹಾಕುವಾಗ ದನಿ ತಗ್ಗಿಸಿ ಮತ್ತೊಂದು ಮಾತು ಹೇಳಿದರು. "ಇದು ಕಾಗದದಲ್ಲಿಲ್ಲ. ಮಗೂಗೆ ಸುಳ್ಳು ಹೇಳ್ಬೇಡಿ. ಭಯ ಆದಾಗ ಅದು ನಿಮ್ಮ ಹತ್ರಾನೇ ಓಡಿ ಬರ್ಬೇಕು. ನಿಮ್ಮ ಮೇಲಿನ ನಂಬಿಕೆ ಹೋಯ್ತು ಅಂದ್ರೆ ಈ ಪಾಸ್‌ವರ್ಡೆಲ್ಲ ದಂಡ."

ಬೆರ್ಮೆತ್ ತನ್ನ ಬ್ಲಾಗಿಗೆ 'ಮೂರು ಕುರಿ, ಒಂದು ಕತ್ತೆ' ಎಂದು ಹೆಸರಿಟ್ಟಳು. ನಮ್ಮ ಕೊಟ್ಟಿಗೆಯಲ್ಲಿ ಇರುವುದು ಅಷ್ಟೇ. ತನ್ನ ಹೆಸರಿನ ಜಾಗದಲ್ಲಿ 'ನಾಲ್ಕನೇ ಕುರಿ' ಎಂದು ಹಾಕಿಕೊಂಡಳು. ಅವಳ ಅಪ್ಪ, ಅಂದರೆ ನನ್ನ ಗಂಡ ಶರ್ಷೆನ್, ಚಳಿಗಾಲವೆಲ್ಲ ಊರಿನ ಮಂದೆಯ ಜೊತೆ ಮೇಲಿನ ದೊಡ್ಡಿಯಲ್ಲಿರುತ್ತಾನೆ. ಹಾಗಾಗಿ ಮಧ್ಯಾಹ್ನವೆಲ್ಲ ನಾವಿಬ್ಬರೇ. ಅವಳು ನನ್ನ ಫೋನು ಹಿಡಿದು ಒಲೆಯ ಪಕ್ಕ ಕೂತು ಬರೆಯುವಳು, ನಾನು ಉಣ್ಣೆ ಕುಟ್ಟುತ್ತ ಒಂದೊಂದು ಸಾಲೂ ಜೋರಾಗಿ ಓದಿಸಿ ಕೇಳುವೆ.

"ಅಮ್ಮ, ಮುಖ ಹಾಕಬಾರ್ದು ಅಂದ್ರೆ ಕತ್ತೆ ಮುಖಾನೂ ಹಾಕಬಾರ್ದಾ?"

"ಕತ್ತೇನ ಕೇಳ್ಕೊಂಡು ಬಾ. ಒಪ್ಪಿದ್ರೆ ಹಾಕು."

ಕೊಟ್ಟಿಗೆಗೆ ಹೋಗಿ ಬಂದಳು. "ಒಪ್ಲಿಲ್ಲ. ತಿರುಗಿ ನಿಂತ್ಕೊಂಡ್ತು," ಎಂದಳು. ಹಾಗಾಗಿ ಮೊದಲ ಫೋಟೊ ಕತ್ತೆಯ ಹಿಂಭಾಗದ್ದು. ಒಂದು ಸಲ ಹಿಮದ ಫೋಟೊದ ಮೂಲೆಯಲ್ಲಿ ಶಾಲೆಯ ಬೋರ್ಡು ಕಾಣುತ್ತಿತ್ತು. ನಾನು ಕೂಗಾಡಿದೆ. ಅವಳು ಬೋರ್ಡನ್ನು ಕತ್ತರಿಸಿ ತೆಗೆದು, "ಸರಿಹೋಯ್ತಾ ಪೊಲೀಸಮ್ಮ?" ಎಂದಳು.

ಆ ಹೊತ್ತಿನಲ್ಲಿ ನಾನು ಹೆಮ್ಮೆಯಿಂದ ಎಮಿಲನಿಗೆ ಫೋನು ಮಾಡಿ ಹುಡುಗಿಯ ಬ್ಲಾಗಿನ ವಿಳಾಸ ಕಳಿಸಿದೆ. ನಾನೇ ಕಳಿಸಿದ್ದು.

ಒಂದು ತಿಂಗಳಾದ ಮೇಲೆ ಮೊದಲ ಕಾಮೆಂಟು ಬಂತು. ಬರೆದವರು 'ಸೂಜಿ' ಎಂದು ಹೆಸರು ಹಾಕಿದ್ದರು. "ನಾಲ್ಕನೇ ಕುರಿ, ಅಷ್ಟು ಠೀವಿಯಿಂದ ಬೆನ್ನು ತಿರುಗಿಸುವ ಕತ್ತೆಗೆ ಹೆಸರಿಲ್ಲದಿದ್ದರೆ ಹೇಗೆ? ಡೈರೆಕ್ಟರು ಎಂದು ಕರೆಯಿರಿ." ನನಗೂ ನಗು ಬಂತು. ನಮ್ಮ ಶಾಲೆಯ ಡೈರೆಕ್ಟರು, ಅಂದರೆ ಹೆಡ್‌ಮಾಸ್ಟರು, ನಡೆಯುವುದು ಥೇಟ್ ಹಾಗೆಯೇ. ಒಪ್ಪಿಗೆಯ ಗುಂಡಿ ಒತ್ತಿದೆ. ಅಂದಿನಿಂದ ಕತ್ತೆ ಡೈರೆಕ್ಟರಾಯಿತು.

ಬೆರ್ಮೆತ್ ಏನು ಬರೆದರೂ ಸೂಜಿ ಮಾರನೆಯ ದಿನ ಮಧ್ಯಾಹ್ನ ಓದಿರುತ್ತಿತ್ತು. ಹುಡುಗಿಯ ತಪ್ಪು ತಿದ್ದುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. ಕುರಿ ಬೇಲಿಗೆ ಸಿಕ್ಕಿಕೊಂಡ ಕತೆ ಬರೆದರೆ, "ಆಮೇಲೆ ಅದಕ್ಕೆ ನಾಚಿಕೆ ಆಯಿತೋ ಇಲ್ಲವೋ?" ಎಂದು ಕೇಳುವುದು. ಅದಕ್ಕೆ ಉತ್ತರವಾಗಿ ಇವಳು ಇನ್ನೊಂದು ಕತೆ ಬರೆಯುವಳು. ಶಾಲೆಯಿಂದ ಬಂದವಳೇ ಟೋಪಿ ಕೂಡ ತೆಗೆಯದೆ, "ಅಮ್ಮ, ಸೂಜಿ ಬಂತಾ?" ಎನ್ನುತ್ತಿದ್ದಳು. ವಾರಕ್ಕೊಮ್ಮೆ ಮಾಸ್ಕೋದಿಂದ ಫೋನು ಬಂದಾಗ, "ಚೆನ್ನಾಗಿದ್ದೀನಿ ಅತ್ತಿಗೆ. ಹೂಂ. ಓದ್ತಿದ್ದೀನಿ," ಎಂದು ಮೂರು ಮಾತಾಡಿ ಫೋನು ನನ್ನ ಕೈಗೆ ತುರುಕಿ ಓಡುವ ಹುಡುಗಿ ಇವಳೇ.

ಜನವರಿಯಲ್ಲಿ ಒಂದು ದಿನ ಬೆರ್ಮೆತ್ ಚಳಿಯ ಬಗ್ಗೆ ಬರೆದಳು. ಬಕೆಟ್ಟಿನ ನೀರು ಕಲ್ಲಾದದ್ದು, ಡೈರೆಕ್ಟರ ಮೀಸೆಗೆ ಮಂಜು ಹಿಡಿದದ್ದು. ಮರುದಿನ ಅವಳು ಶಾಲೆಯಲ್ಲಿದ್ದಾಗ ನಾನು ಕೈಯ ಸೋಪು ಒರೆಸಿಕೊಂಡು ಫೋನು ನೋಡಿದೆ. ಸೂಜಿ ಬರೆದಿತ್ತು: "ಇಷ್ಟು ಚಳಿಗೆ ನಿನ್ನ ಎಡಗಿವಿ ಈಗಲೂ ನೋಯುತ್ತದೆಯಾ?"

ಬೆರ್ಮೆತ್ ಕಿವಿಯ ಬಗ್ಗೆ ಎಲ್ಲೂ ಬರೆದಿರಲಿಲ್ಲ.

ಅವಳಿಗೆ ಎಂಟು ತಿಂಗಳಾಗಿದ್ದಾಗ ಕಿವಿ ಕೀವು ತುಂಬಿ, ಹಿಮ ಬಿದ್ದು ದಾರಿ ಮುಚ್ಚಿ, ಆಸ್ಪತ್ರೆಗೆ ಹೋಗಲಾಗದೆ ಎರಡು ದಿನ ಚೀರಿದ್ದಳು. ಆ ಎರಡು ದಿನವೂ ಗುಲ್ಸಾಯ ಮಲಗಲಿಲ್ಲ. ಮಗುವಿನ ಎಡಗಿವಿಗೆ ಬಾಯಿ ಹಚ್ಚಿ ಬಿಸಿಯುಸಿರು ಊದುತ್ತಲೇ ಕೂತಿದ್ದಳು. ಒಲೆಗೆ ಬೆರಣಿ ಹಾಕುತ್ತ ಅದನ್ನು ಕಣ್ಣಾರೆ ಕಂಡವಳು ನಾನು.

ಬರೆಯುತ್ತಿದ್ದದ್ದು ಯಾರೆಂದು ಆ ಕ್ಷಣವೇ ನನಗೆ ತಿಳಿಯಿತು. ಇದನ್ನು ಬೇರೆ ರೀತಿ ಹೇಳಲು ಬರುವುದಿಲ್ಲ. ತಿಳಿದೇ ಬ್ಲಾಕ್ ಮಾಡಿದೆ. ನಿಯಮವಿತ್ತಲ್ಲ, ಮೈ ಬಗ್ಗೆ ವಿಚಾರಿಸಿದರೆ ಬ್ಲಾಕ್ ಮಾಡಬೇಕು ಎಂದು. ಹೆಸರು ಮುಚ್ಚಿಕೊಂಡು ಬಂದವಳು ಅವಳು, ಕಾಗದಕ್ಕೆ ಸಹಿ ಹಾಕಿದವಳು ನಾನು. ಸಂಜೆ ಟೀಚರ ಮನೆಗೂ ಹೋಗಿ ತಿಳಿಸಿದೆ.

"ಪರಿಚಯದೋರು ಯಾರೂ ಅಲ್ಲ ತಾನೆ?" ಎಂದು ಟೀಚರು ಕೇಳಿದರು. "ಕಿವಿ ನೋವು ಅಂತೆಲ್ಲ ಬರೀಬೇಕಾದ್ರೆ... ನೆಂಟರು ಗಿಂಟರು? ಒಂದ್ಸಲ ಯೋಚ್ನೆ ಮಾಡಿ."

"ನೆಂಟರು ಯಾರೂ ಇಲ್ಲ," ಎಂದೆ.

ಬೆರ್ಮೆತ್ ನಾಲ್ಕು ದಿನ ಕಾದಳು. ಐದನೇ ದಿನ, "ನಾನು ಬರೆದಿದ್ದು ಚೆನ್ನಾಗಿರ್ಲಿಲ್ವಾ ಅಮ್ಮ? ಸೂಜಿಗೆ ಬೇಜಾರಾಯ್ತಾ?" ಎಂದಳು. ಆಗಲಾದರೂ ಬೇರೇನಾದರೂ ಹೇಳಬಹುದಿತ್ತು. ಊರು ಬಿಟ್ಟರಂತೆ, ಫೋನು ಕೆಟ್ಟಿದೆಯಂತೆ, ಏನೋ ಒಂದು. ಆದರೆ ಆ ನಾಲ್ಕು ದಿನ ಅವಳು ಸೂಜಿಗಾಗಿ ಮುಖ ಸಣ್ಣ ಮಾಡಿಕೊಂಡು ಕೂತದ್ದನ್ನು ನೋಡಿ ನೋಡಿ ನನಗೆ ಉರಿದುಹೋಗಿತ್ತು.

"ಅದು ಕೆಟ್ಟ ಮನುಷ್ಯ," ಎಂದೆ. "ನಿನ್ನ ಕಿವಿ ನೋಯುತ್ತಾ ಅಂತ ಕೇಳಿದ್ದಾರೆ. ಹೇಗೆ ಗೊತ್ತು ಅವರಿಗೆ? ಮಕ್ಕಳನ್ನ ಕದಿಯೋರು ಹೀಗೇ ಶುರು ಮಾಡೋದು."

ಅವಳ ಕೈ ತಾನಾಗಿ ಎಡಗಿವಿಗೆ ಹೋಯಿತು.

ಫೆಬ್ರವರಿಯಲ್ಲಿ ಅವಳು ಅದನ್ನೇ ಬರೆದಳು. 'ನಾನು ಕೆಟ್ಟವರಿಂದ ಪಾರಾದದ್ದು' ಎಂದು ತಲೆಬರಹ. ಓದಿ, ಹಾಕಲು ಒಪ್ಪಿಗೆ ಕೊಟ್ಟವಳು ನಾನೇ. ಟೀಚರಿಗೆ ಬಹಳ ಮೆಚ್ಚಿಗೆಯಾಗಿ ಅದನ್ನು ಅಚ್ಚು ತೆಗೆಸಿ ಶಾಲೆಯ ಗೋಡೆಗೆ ಅಂಟಿಸಿದರು. ಬೀದಿಯಲ್ಲಿ ಸಿಕ್ಕವರೆಲ್ಲ ನನ್ನ ಕೈ ಕುಲುಕಿದರು. ಬ್ಲಾಕ್ ಮಾಡಿದರೆ ಬರೆಯುವುದಕ್ಕಾಗುವುದಿಲ್ಲ ಅಷ್ಟೇ, ಓದುವುದಕ್ಕೆ ಅಡ್ಡಿಯಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಗುಲ್ಸಾಯ ಅದನ್ನು ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಓದಿದಳಂತೆ. ಹೊಲಿಗೆ ಯಂತ್ರದ ಮುಂದೆ ಕೂತು. ಮೂರನೇ ದಿನಕ್ಕೆ ನನ್ನ ಮನೆಯಲ್ಲಿದ್ದಳು.

"ಒಂದೇ ಒಂದು ಮಾತು ಹೇಳಿ," ಎಂದಳು ಈಗ, ದನಿ ಇಳಿಸಿ. "ನಾನು ಅಂತ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

ಅವಳು ಗೋಡೆಗೆ ಒರಗಿ ಕೂತಳು. "ಗೊತ್ತಿರ್ಲಿಲ್ಲ ಅಂತೀರ ಅಂದ್ಕೊಂಡಿದ್ದೆ. ದಾರಿಯುದ್ದಕ್ಕೂ ಅದನ್ನೇ ಬೇಡ್ಕೊಂಡು ಬಂದೆ."

"ಹೆಸರು ಮುಚ್ಕೊಂಡು ಯಾಕೆ ಬಂದೆ? ಕಳ್ಳರ ಹಾಗೆ?"

"ಅತ್ತಿಗೆ ಆಗಿ ಬಂದ್ರೆ ಮೂರು ಮಾತಲ್ಲಿ ಫೋನು ಇಡ್ತಾಳೆ ಅತ್ತೆ. ಸೂಜಿ ಆಗಿ ಬಂದ್ರೆ ಪುಟಗಟ್ಲೆ ಹೇಳ್ತಿದ್ಲು. ಅವಳಿಂದ ಏನೂ ಕಿತ್ಕೊಳ್ಳೋಕೆ ಬಂದಿರ್ಲಿಲ್ಲ. ಅವಳಿಗೆ ಏನು ನೋಡಿದ್ರೆ ನಗು ಬರುತ್ತೆ ಅಂತ ತಿಳ್ಕೊಳ್ಳೋಣ ಅಂತಿದ್ದೆ, ಅಷ್ಟೇ." ಕಣ್ಣೊರೆಸಿಕೊಂಡಳು. "ಆದ್ರೆ ಈಗ ಕರ್ಕೊಂಡು ಹೋಗೋಕೇ ಬಂದಿದ್ದೀನಿ. ಇವತ್ತು ನೀವೇ ಅವಳಿಗೆ ಹೇಳಿ. ಇಲ್ಲ ಅಂದ್ರೆ ನಾನು ಹೇಳ್ತೀನಿ."

"ಹೇಳಿ ನೋಡು! ಈ ಮನೆ ಹೊಸಿಲು—"

ಬಾಗಿಲು ತೆರೆಯಿತು. ಬೆರ್ಮೆತ್ ಮೂಗು ಕೆಂಪು ಮಾಡಿಕೊಂಡು ನಿಂತಿದ್ದಳು.

"ಅತ್ತಿಗೆ! ಯಾವಾಗ ಬಂದ್ರಿ? ಅಣ್ಣ ಬರ್ಲಿಲ್ವಾ?" ನಮ್ಮಿಬ್ಬರ ಕಣ್ಣು ನೋಡಿದಳು. "ಇಬ್ರೂ ಈರುಳ್ಳಿ ಹೆಚ್ತಿದ್ರಾ?"

"ಹೂಂ, ಈರುಳ್ಳಿ," ಎಂದಳು ಗುಲ್ಸಾಯ.

ಚೀಲದಿಂದ ಒಂದು ನೀಲಿ ಕೋಟು ತೆಗೆದಳು. ಕೆಲಸ ಮುಗಿದ ಮೇಲೆ ಉಳಿದುಕೊಂಡು ತಾನೇ ಹೊಲಿದದ್ದಂತೆ. ಬೆರ್ಮೆತ್ ತೊಟ್ಟು ನೋಡಿದಳು. ತೋಳು ಮಣಿಕಟ್ಟಿನಿಂದ ಒಂದು ಗೇಣು ಮೇಲೆ ನಿಂತಿತು. ಗುಲ್ಸಾಯ ಆ ತೋಳನ್ನು ಎಳೆದಳು, ಮತ್ತೆ ಎಳೆದಳು, ಎಳೆದರೆ ಉದ್ದವಾಗುವುದೇನೋ ಎಂಬಂತೆ.

"ಪರ್ವಾಗಿಲ್ಲ ಅತ್ತಿಗೆ, ಈ ಥರಾನೂ ಹಾಕ್ಕೋತಾರೆ," ಎಂದು ಹುಡುಗಿಯೇ ಸಮಾಧಾನ ಹೇಳಿದಳು. "ನಾನು ಬರೆದಿದ್ದು ಗೋಡೆ ಮೇಲೆ ಹಾಕಿದ್ದಾರೆ, ಗೊತ್ತಾ? ಓದ್ಲಾ?"

"ಬೇಡ ಈಗ," ಎಂದೆ ನಾನು.

"ಓದು," ಎಂದಳು ಗುಲ್ಸಾಯ.

ಬೆರ್ಮೆತ್ ನನ್ನ ಫೋನು ತೆಗೆದುಕೊಂಡು ಶಾಲೆಯಲ್ಲಿ ಓದುವ ಹಾಗೆ ನೆಟ್ಟಗೆ ನಿಂತಳು.

"'ನನ್ನ ಬ್ಲಾಗಿಗೆ ಒಬ್ಬರು ಬರುತ್ತಿದ್ದರು. ಅವರು ತುಂಬ ಚೆನ್ನಾಗಿ ಮಾತಾಡುತ್ತಿದ್ದರು. ಕೆಟ್ಟವರು ಮೊದಲು ಚೆನ್ನಾಗಿಯೇ ಮಾತಾಡುತ್ತಾರೆ. ಒಂದು ದಿನ ಅವರು ನನ್ನ ಕಿವಿಯ ಬಗ್ಗೆ ಕೇಳಿದರು. ನನ್ನ ಕಿವಿ ಅವರಿಗೆ ಹೇಗೆ ಗೊತ್ತು? ಅವರು ಎಲ್ಲೋ ನಿಂತು ನನ್ನನ್ನು ನೋಡುತ್ತಿದ್ದಾರೆ ಎಂದು ಹೆದರಿಕೆಯಾಯಿತು. ಮೂರು ದಿನ ನಾನು ಕೊಟ್ಟಿಗೆಗೆ ಒಬ್ಬಳೇ ಹೋಗಲಿಲ್ಲ. ನನ್ನ ಅಮ್ಮ ಕೈ ಹಿಡಿದುಕೊಂಡು ಬಂದಳು. ಅವರನ್ನು ಬ್ಲಾಕ್ ಮಾಡಿದ್ದೂ ನನ್ನ ಅಮ್ಮನೇ. ಮಕ್ಕಳೇ, ಏನಾದರೂ ಆದರೆ ಮೊದಲು ಅಮ್ಮನಿಗೆ ಹೇಳಿ. ಅಮ್ಮ ಸುಳ್ಳು ಹೇಳುವುದಿಲ್ಲ.'"

ಗುಲ್ಸಾಯ ಕೊನೆಯವರೆಗೂ ತಲೆ ಎತ್ತಿಯೇ ಕೇಳಿದಳು. ಆಮೇಲೆ ಕೇಳಿದಳು, "ಆ ಸೂಜಿ ಈಗ ಎದುರಿಗೆ ಬಂದು ನಿಂತ್ರೆ ಏನ್ಮಾಡ್ತೀಯ?"

"ಕಿರುಚಿ ಅಮ್ಮನ್ನ ಕರೀತೀನಿ."

"ಅಮ್ಮ ಏನ್ಮಾಡ್ತಾರೆ?"

"ಓಡಿಸ್ತಾರೆ! ನಮ್ಮಮ್ಮ ಬೈದ್ರೆ ತೋಳಾನೂ ಬಾಲ ಮಡಚ್ಕೊಂಡು ಓಡುತ್ತೆ. ಅಲ್ವಾಮ್ಮ?"

ಗುಲ್ಸಾಯ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವಳು ಕಾಯುತ್ತಿದ್ದಳು. ಒಂದು ಮಾತು ಸಾಕಿತ್ತು, ಮತ್ತು ಅದನ್ನು ಆಡುವ ಹಕ್ಕು ನನ್ನೊಬ್ಬಳಿಗೇ ಇತ್ತು. ಅವಳು ಆಡಿದ್ದರೆ ಹುಡುಗಿ ಹೆದರಿ ನನ್ನ ಬೆನ್ನಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ನಾನು ಆಡಿದ್ದರೆ, ಅಮ್ಮ ಸುಳ್ಳು ಹೇಳುವುದಿಲ್ಲ ಎಂದು ಬರೆದವಳು ಮುಂದೆ ಯಾರನ್ನೂ ನಂಬಿ ಬೆನ್ನಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿರಲಿಲ್ಲ.

ನಾನು ಬಗ್ಗಿ ಒಲೆಗೆ ಬೆರಣಿ ಹಾಕಿದೆ.

"ಅತ್ತಿಗೆ, ಒಂದು ಗುಟ್ಟು," ಎಂದು ಬೆರ್ಮೆತ್ ಪಿಸುಗುಟ್ಟಿದ್ದು ನನಗೂ ಕೇಳಿಸಿತು. "ಕೆಟ್ಟೋರಾದ್ರೂ ಸೂಜಿ ಅಂದ್ರೆ ನಂಗೆ ಇಷ್ಟ ಆಗ್ತಿತ್ತು. ಈಗ್ಲೂ ಏನಾದ್ರೂ ಬರೆದಾಗ ಸೂಜಿ ಏನನ್ನುತ್ತೋ ಅನ್ನಿಸುತ್ತೆ. ತಪ್ಪಾ?"

"ತಪ್ಪಲ್ಲ," ಎಂದಳು ಗುಲ್ಸಾಯ. ಅವಳ ಕೈ ಹುಡುಗಿಯ ಕಿವಿಯ ಹತ್ತಿರದವರೆಗೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಕೋಟಿನ ಕಾಲರು ಸರಿಮಾಡಿ ವಾಪಸು ಬಂತು. "ಚೆನ್ನಾಗಿ ಬರೆದಿದ್ದೀಯ. ಬಿಡ್ಬೇಡ, ಬರೀತಿರು."

ನಾನು ಚಹಾದ ಬಟ್ಟಲುಗಳನ್ನು ಇಟ್ಟೆ. ಅವಳು ಎದ್ದಳು.

"ಸಕ್ಕರೆ ಮುಗಿದಿದೆ ಅಲ್ವಾ ಅತ್ತೆ? ಅಂಗಡಿಗೆ ಹೋಗಿ ತರ್ತೀನಿ."

ಸಕ್ಕರೆಯ ಬಟ್ಟಲು ತುಂಬಿ ನಮ್ಮ ಮೂವರ ನಡುವೆಯೇ ಇತ್ತು.

"ಹೂಂ. ತಾ," ಎಂದೆ.

"ನಾನೂ ಬರ್ಲಾ ಅತ್ತಿಗೆ?"

"ಬೇಡ. ಚಳಿ ಇದೆ."

ನಮ್ಮಲ್ಲಿ ಪ್ರಯಾಣ ಹೊರಟವರಿಗೆ ರೊಟ್ಟಿ ಮುಂದೆ ಹಿಡಿಯುತ್ತೇವೆ. ಒಂದು ಚೂರಾದರೂ ಮುರಿದು ಬಾಯಿಗೆ ಹಾಕಿಕೊಳ್ಳದೆ ಯಾರೂ ಹೊಸಿಲು ದಾಟುವುದಿಲ್ಲ. ಅಂಗಡಿಗೆ ಹೋಗಿ ಬರುವವರಿಗೆ ಅದು ಬೇಕಿಲ್ಲ. ರೊಟ್ಟಿ ನನ್ನ ಕೈಗೆಟುಕುವಲ್ಲೇ ಇತ್ತು, ಬಿಸಿಯಾಗಿಯೇ ಇತ್ತು. ಅವಳು ಒದ್ದೆ ಬೂಟು ಹಾಕಿಕೊಳ್ಳುವವರೆಗೂ ನಾನು ಅದನ್ನೇ ನೋಡುತ್ತ ಕೂತಿದ್ದೆ.

ಕಿಟಕಿಯಿಂದ ಕಂಡಿತು. ಅಂಗಡಿಯ ಮುಂದೆ ಅವಳು ನಿಲ್ಲಲಿಲ್ಲ. ನೇರ ನಡೆದು ಪಟ್ಟಣಕ್ಕೆ ಹೋಗುವ ಬಾಡಿಗೆ ಕಾರುಗಳು ನಿಲ್ಲುವ ದೊಡ್ಡ ರಸ್ತೆಯ ಕಡೆ ತಿರುಗಿದಳು.

ಬೆರ್ಮೆತ್ ಮೂರನೇ ಬಟ್ಟಲಿಗೂ ಚಹಾ ಬಗ್ಗಿಸಿ, ಆರದಿರಲಿ ಎಂದು ಮೇಲೆ ತಟ್ಟೆ ಮುಚ್ಚಿದಳು. ಇನ್ನೇನು ಬರುತ್ತಾರೆ, ಎಂದಳು.

ಅದಾಗಿ ಎರಡು ವರ್ಷ. ಗುಲ್ಸಾಯ ಬರಲಿಲ್ಲ.